ವಿದ್ಯಾದಾಸೋಹದ ಯೋಗ ಮತ್ತು ಕ್ಷೇಮ

(ಶಿರಸಿ, ಸಿದ್ಧಾಪುರ, ಯಲ್ಲಾಪುರ ಸೀಮೆಯ ವಿದ್ಯಾಸಂಸ್ಥೆಗಳನ್ನು ಕುರಿತು ಒಂದು ಪಾಠ)

೧. ಶಬ್ದಾರ್ಥ ವಿಚಾರ

'ಸಂಸ್ಥೆ' ಎಂಬ ಶಬ್ದವು ಇಂದು ಎಲ್ಲರ ನಾಲಗೆಯ ಮೇಲೂ ಇದೆ. ಊರಿಗೊಂದು ವಿದ್ಯಾಸಂಸ್ಥೆ, ಕೇರಿಗೊಂದು ಸೇವಾಸಂಸ್ಥೆ ಹುಟ್ಟಿಕೊಂಡಿರುವ ಈ ಕಾಲದಲ್ಲಿ ಆ ಶಬ್ದದ ಒಳಗನ್ನು ಬಿಚ್ಚಿ ನೋಡುವವರು ವಿರಳ. 'ಸ್ಥಾ' ಎಂಬ ಧಾತುವಿಗೆ ನಿಲ್ಲುವುದು ಎಂದರ್ಥ. 'ಸಮ್' ಎಂಬ ಉಪಸರ್ಗವು ಕೂಡಿಕೊಂಡು, ಚೆನ್ನಾಗಿ ಎಂಬ ಅರ್ಥಗಳನ್ನು ಅದಕ್ಕೆ ಕೊಡುತ್ತದೆ. ಆದುದರಿಂದ ಹಲವರು ಕೂಡಿ ನಿಲ್ಲುವುದು, ನಿಂತದ್ದು ಬೀಳದಂತೆ ನಿಲ್ಲುವುದು ಯಾವುದುಂಟೋ ಅದೇ ಸಂಸ್ಥೆ. ಒಬ್ಬನೇ ನಿಂತರೆ ಅದು ಸಾಹಸವಾದೀತು, ಸಂಸ್ಥೆಯಾಗದು. ಹತ್ತು ಜನರು ಕೂಡಿ ಒಂದು ವರ್ಷ ನಿಂತು ಮರುವರ್ಷ ಚದುರಿದರೆ ಅದು ಸಂತೆಯಾದೀತು, ಸಂಸ್ಥೆಯಾಗದು.

'ಯೋಗಕ್ಷೇಮ' ಎಂಬುದು ಇನ್ನೊಂದು ಶಬ್ದ. ಕಾಗದ ಬರೆಯುವಾಗ ಕುಶಲಪ್ರಶ್ನೆಗೆ ಇದನ್ನು ಬಳಸುವ ರೂಢಿಯುಂಟು. ಪೂರ್ವಿಕರಾದ ವ್ಯಾಖ್ಯಾನಕಾರರು ಇದನ್ನು ಎರಡಾಗಿ ಒಡೆದು ಅರ್ಥ ಹೇಳುತ್ತಾರೆ. ಇಲ್ಲದ್ದನ್ನು ಪಡೆಯುವುದು ಯೋಗ. ಪಡೆದದ್ದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಬಾವಿಯನ್ನು ತೋಡುವುದು ಯೋಗ. ವರ್ಷವರ್ಷವೂ ಹೂಳೆತ್ತುವುದು ಕ್ಷೇಮ. ತೋಟವನ್ನು ನೆಡುವುದು ಯೋಗ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆದು ಕೊನೆಯನ್ನು ಉಳಿಸಿಕೊಳ್ಳುವುದು ಕ್ಷೇಮ. ಎರಡರಲ್ಲಿ ಯಾವುದು ಕಷ್ಟವೆಂದು ಅಡಿಕೆಯ ಸೀಮೆಯ ಜನರಿಗೆ ಬೇರೆ ಹೇಳಬೇಕಾಗಿಲ್ಲ.

ವಿದ್ಯಾಸಂಸ್ಥೆಗಳ ವಿಷಯದಲ್ಲಿ ಲೋಕವು ಯೋಗಕ್ಕೆ ಮೆಚ್ಚುತ್ತದೆ, ಕ್ಷೇಮವನ್ನು ಮರೆಯುತ್ತದೆ. ಕಟ್ಟಡಕ್ಕೆ ದಾನಿಗಳು ದೊರೆಯುತ್ತಾರೆ. ಕಟ್ಟಡದೊಳಗಿನ ದೀಪದ ಎಣ್ಣೆಗೆ ದಾನಿಗಳು ದೊರೆಯುವುದಿಲ್ಲ. ಈ ಒಂದು ಕೊರತೆಯು ಹೇಗೆ ಸಂಸ್ಥೆಗಳನ್ನು ಒಳಗಿನಿಂದ ಸವೆಸುತ್ತದೆ, ಅದಕ್ಕೆ ಪರಿಹಾರವೇನು ಎಂಬುದೇ ಈ ಪಾಠದ ವಿಷಯ.

೨. ನಾಡಿನ ಸ್ಥಿತಿ

ಶಿರಸಿ, ಸಿದ್ಧಾಪುರ, ಯಲ್ಲಾಪುರ ಈ ಮೂರೂ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲೂಕುಗಳು. ಹಳಿಯಾಳ, ಮುಂಡಗೋಡ, ಜೋಯಿಡಾಗಳೊಡನೆ ಸೇರಿ ಇವು ಶಿರಸಿ ಶೈಕ್ಷಣಿಕ ಜಿಲ್ಲೆಯೆನಿಸಿವೆ. ಅಘನಾಶಿನಿ, ಶಾಲ್ಮಲಾ, ಬೇಡ್ತಿ ನದಿಗಳ ಕಣಿವೆಗಳಲ್ಲಿ ಅಡಿಕೆಯ ತೋಟ; ತೋಟದ ತಲೆಯಲ್ಲಿ ಎರಡು ಮನೆ; ಅಲ್ಲಿಂದ ಮುಂದೆ ಕಾಡು; ಕಾಡಿನಾಚೆ ಮತ್ತೆ ನಾಲ್ಕು ಮನೆ. ಬಯಲುಸೀಮೆಯ ಒಂದು ಊರಿನಲ್ಲಿ ಕೂಗಳತೆಯೊಳಗೆ ನೂರು ಮಕ್ಕಳು ಸಿಕ್ಕರೆ ಇಲ್ಲಿ ಹತ್ತು ಮಕ್ಕಳಿಗಾಗಿ ಎರಡು ಹಳ್ಳ ದಾಟಬೇಕು. ಜ್ಯೇಷ್ಠದಿಂದ ಭಾದ್ರಪದದವರೆಗೆ ಆ ಹಳ್ಳಗಳೂ ದಾಟಗೊಡುವುದಿಲ್ಲ.

ವಿದ್ಯೆಗಾಗಿ ದೂರ ನಡೆಯುವುದು ಈ ಸೀಮೆಗೆ ಹೊಸತಲ್ಲ. ಶಿರಸಿ ತಾಲೂಕಿನ ಬನವಾಸಿಯಿಂದ ಆಳಿದ ಕದಂಬ ವಂಶದ ಮೂಲಪುರುಷನಾದ ಮಯೂರಶರ್ಮನು ಗುರುವಿನೊಡನೆ ಕಾಂಚಿಯ ಘಟಿಕಾಸ್ಥಾನಕ್ಕೆ ಓದಲು ಹೋದನೆಂದು ತಾಳಗುಂದದ ಶಾಸನವು ಹೇಳುತ್ತದೆ. ಇಂದಿಗೂ ಯಲ್ಲಾಪುರದ ಕಾಡಿನೊಳಗಿನ ಸಿದ್ದಿ, ಗೌಳಿ ಕೇರಿಗಳ ಮಕ್ಕಳಿಗೆ ಪ್ರೌಢಶಾಲೆಯೆಂಬುದು ದೂರದ ಕಾಂಚಿಯೇ ಆಗಿದೆ. ಆಫ್ರಿಕಾ ಮೂಲದವರಾದ ಸಿದ್ದಿಗಳು ಶತಮಾನಗಳಿಂದ ಈ ನೆಲದಲ್ಲಿ ಬಾಳಿದವರು. ಈ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದ್ದು ೨೦೦೩ರಲ್ಲಿ. ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದ ಎಲ್ಲ ಮಕ್ಕಳಿಗೆ ಉಚಿತ ಶಿಕ್ಷಣವನ್ನು ಹಕ್ಕಾಗಿ ಕೊಟ್ಟಿದೆ. ಆದರೆ ಹಕ್ಕಿನ ಪತ್ರವು ಹಳ್ಳ ದಾಟಿಸುವುದಿಲ್ಲ. ದಾಟಿಸುವುದಕ್ಕೆ ವಸತಿಗೃಹ ಬೇಕು, ಸಂಜೆಯ ಪಾಠ ಬೇಕು, ಪುಸ್ತಕಾಲಯ ಬೇಕು, ಮನೆಗೆ ಹೋಗಿ ತಾಯ್ತಂದೆಗಳೊಡನೆ ಮಾತನಾಡುವ ಒಬ್ಬ ಮನುಷ್ಯ ಬೇಕು. ಸರಕಾರದ ಕೈ ಮುಟ್ಟದ ಈ ಎಡೆಗಳಲ್ಲಿಯೇ ಸ್ಥಳೀಯ ವಿದ್ಯಾಸಂಸ್ಥೆಗಳೂ ಸೇವಾಮಂಡಲಿಗಳೂ ಕೆಲಸ ಮಾಡತಕ್ಕದ್ದು.

ಇಂತಹ ಸಂಸ್ಥೆಯೊಂದು ಹೇಗೆ ಹುಟ್ಟಿ ಹೇಗೆ ಸೊರಗುತ್ತದೆ ಎಂಬುದನ್ನು ದೃಷ್ಟಾಂತಕ್ಕಾಗಿ ಊಹಿಸಿಕೊಳ್ಳಬಹುದು. ಊರಿನ ಒಬ್ಬ ಹಿರಿಯನು ಮನಸ್ಸು ಮಾಡುತ್ತಾನೆ. ಸಹಾಯಾರ್ಥ ಯಕ್ಷಗಾನದ ಆಟವಾಗುತ್ತದೆ, ಜಾತ್ರೆಯಲ್ಲಿ ಹುಂಡಿಯಿಡಲಾಗುತ್ತದೆ, ಪರಸ್ಥಳದಲ್ಲಿರುವ ಒಬ್ಬ ಧನಿಕನು ಕಟ್ಟಡವನ್ನು ಕಟ್ಟಿಸಿಕೊಡುತ್ತಾನೆ. ಹತ್ತು ವರ್ಷ ಮಕ್ಕಳ ದನಿ ಕೇಳಿಸುತ್ತದೆ. ಲೆಕ್ಕದ ಪುಸ್ತಕವು ಆ ಹಿರಿಯನ ಮನೆಯ ಪೆಟ್ಟಿಗೆಯಲ್ಲಿದೆ; ವರ್ಷಾಂತ್ಯದ ಕೊರತೆಯನ್ನು ಆತನೇ ಅಡಿಕೆ ಮಾರಿದ ಹಣದಿಂದ ತುಂಬಿಸುತ್ತಾನೆ. ಒಂದು ದಿನ ಆತನು ಲಿಂಗೈಕ್ಯನಾಗುತ್ತಾನೆ. ಪೆಟ್ಟಿಗೆಯ ಬೀಗದ ಕೈ ಯಾರಲ್ಲಿದೆಯೆಂದು ಯಾರಿಗೂ ತಿಳಿಯದು. ಸಂಘದ ನೋಂದಣಿಯ ಕಾಗದಗಳು ಹಳತಾಗಿವೆ. ಅಧ್ಯಾಪಕನಿಗೆ ಮೂರು ತಿಂಗಳ ಸಂಬಳ ನಿಂತಿದೆ. ಆತನು ಬೇರೆ ಕಡೆಗೆ ಹೋಗುತ್ತಾನೆ. ಕಟ್ಟಡವು ಹಾಗೆಯೇ ನಿಂತಿದೆ. ದಾನಿಯ ಹೆಸರಿನ ಕಲ್ಲೂ ಗೋಡೆಯಲ್ಲಿದೆ. ಒಂಬತ್ತನೆಯ ಇಯತ್ತೆಯಲ್ಲಿದ್ದ ಕಾಡಿನ ಕೇರಿಯ ಹುಡುಗಿ ಮಾತ್ರ ಮನೆಗೆ ಮರಳಿ, ಕೂಲಿಗೆ ಹೋಗುತ್ತಾಳೆ. ನಷ್ಟವಾದದ್ದು ಯಾರಿಗೆಂದು ವಾಚಕರು ಇಲ್ಲಿ ಗುರುತಿಸಿಕೊಳ್ಳತಕ್ಕದ್ದು.

ಯೋಗವು ಉಂಟಾಗಿ ಕ್ಷೇಮವು ಇಲ್ಲದಿದ್ದರೆ ಆಗುವ ಫಲವಿದು. ಇಲ್ಲಿ ದುಷ್ಟರು ಯಾರೂ ಇಲ್ಲ, ಲೋಭಿಗಳೂ ಇಲ್ಲ. ಒಳ್ಳೆಯವರೇ ಸೇರಿ ಮಾಡಿದ ಕೆಲಸವು ಒಳ್ಳೆಯ ಕ್ರಮವಿಲ್ಲದೆ ಕೆಟ್ಟಿತು.

೩. ಪ್ರಾಚೀನರ ನಡೆ

ಪೂರ್ವಕಾಲದ ದತ್ತಿಶಾಸನಗಳನ್ನು ಓದುವವರಿಗೆ ಒಂದು ವಿಷಯವು ಅಚ್ಚರಿಯನ್ನುಂಟುಮಾಡುತ್ತದೆ. ಅವುಗಳಲ್ಲಿ ಕಟ್ಟಡದ ವರ್ಣನೆಗಿಂತ ಖರ್ಚಿನ ವಿಭಾಗವೇ ಹೆಚ್ಚು.

ಬನವಾಸಿ ಹನ್ನೆರಡು ಸಾಸಿರದ ಮುಖ್ಯ ಪಟ್ಟಣವಾಗಿದ್ದ ಬಳ್ಳಿಗಾವೆಯು ಈಗ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಿನಲ್ಲಿದೆ. ಅಲ್ಲಮಪ್ರಭುಗಳ ಜನ್ಮಸ್ಥಳವೆಂದು ಪ್ರಸಿದ್ಧಿಯುಳ್ಳ ಊರದು. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವು ಕಾಳಾಮುಖ ಆಚಾರ್ಯರ ವಿದ್ಯಾಕೇಂದ್ರವಾಗಿತ್ತು. ೧೧೬೨ರ ಶಾಸನವು ಆ ಮಠವನ್ನು ವರ್ಣಿಸುವ ರೀತಿಯು ಮನನೀಯವಾದುದು. ನಾಲ್ಕು ವೇದಗಳು, ಪಾಣಿನೀಯವೇ ಮೊದಲಾದ ಹಲವು ವ್ಯಾಕರಣಗಳು, ನ್ಯಾಯ ವೈಶೇಷಿಕಾದಿ ದರ್ಶನಗಳು, ಬೌದ್ಧಮತದ ಶಾಸ್ತ್ರ, ಪುರಾಣಗಳು, ಕಾವ್ಯ ನಾಟಕಗಳು ಅಲ್ಲಿ ಪಠಿಸಲ್ಪಡುತ್ತಿದ್ದವು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಅಲ್ಲಿ ಅನ್ನವನ್ನು ಪಡೆಯುತ್ತಿದ್ದರು. ರೋಗಿಗಳಿಗೆ ಚಿಕಿತ್ಸೆಯಿತ್ತು. ತಮ್ಮ ಮತದವರಲ್ಲದವರ ಶಾಸ್ತ್ರಕ್ಕೂ ಹಸಿವಿಗೂ ಆ ಮಠದಲ್ಲಿ ಎಡೆಯಿತ್ತೆಂಬುದು ಗಮನಿಸತಕ್ಕ ಅಂಶ. ಇಂದು ಬಳ್ಳಿಗಾವೆಗೆ ಹೋದವರಿಗೆ ಕೇದಾರೇಶ್ವರನ ಗುಡಿಯು ಕಾಣಿಸುತ್ತದೆ; ಆ ಪಾಠವು ಕೇಳಿಸುವುದಿಲ್ಲ. ಅರಸುಮನೆತನಗಳು ಹೋದವು, ಕಾಲವು ತಿರುಗಿತು. ಕಲ್ಲು ಉಳಿಯಿತು, ಓದು ನಿಂತಿತು.

ಇದಕ್ಕಿಂತಲೂ ಸೂಕ್ಷ್ಮವಾದ ಪಾಠವನ್ನು ಕಲಿಸುವುದು ಸಾಲೋಟಗಿಯ ಶಾಸನ. ಈ ಊರು ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನದು. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಇಲ್ಲಿ ಒಂದು ವಿದ್ಯಾಶಾಲೆಯನ್ನು ಸ್ಥಾಪಿಸಿದನು. ೯೪೫ರ ಶಾಸನವು ಅದರ ವ್ಯವಸ್ಥೆಯನ್ನು ಹೇಳುತ್ತದೆ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ ೨೭ ಮನೆಗಳು. ಉಪಾಧ್ಯಾಯನಿಗೆ ಪ್ರತ್ಯೇಕ ಭೂಮಿ. ದೀಪದ ಎಣ್ಣೆಗೆಂದೇ ೧೨ ನಿವರ್ತನ ಭೂಮಿ. ಇದಲ್ಲದೆ ಊರವರು ತಮ್ಮ ಮನೆಗಳಲ್ಲಿ ಮದುವೆಯಾದಾಗ ಇಂತಿಷ್ಟು, ಉಪನಯನವಾದಾಗ ಅದರ ಅರ್ಧ, ಚೌಲವಾದಾಗ ಅದರಲ್ಲಿಯೂ ಅರ್ಧ ಎಂದು ಶಾಲೆಗೆ ಕೊಡತಕ್ಕದ್ದೆಂದು ಕಟ್ಟಲೆಯಾಗಿತ್ತು.

ಈ ಕಟ್ಟಲೆಯಲ್ಲಿ ಮೂರು ವಿವೇಕಗಳಿವೆ. ಮೊದಲನೆಯದು, ಎಣ್ಣೆಗೆ ಬೇರೆಯ ಭೂಮಿ. ಮಂತ್ರಿಯಾದವನಿಗೆ ಇನ್ನೊಂದು ಮಂಟಪವನ್ನು ಕಟ್ಟಿಸುವುದು ಸುಲಭವಾಗಿತ್ತು. ಆತನು ರಾತ್ರಿ ಓದುವ ಹುಡುಗನ ದೀಪವನ್ನು ನೆನೆದನು. ಎರಡನೆಯದು, ಒಂದರ ಹಣವು ಇನ್ನೊಂದಕ್ಕೆ ಸೋರದಂತೆ ವಿಭಾಗ. ಉಪಾಧ್ಯಾಯನ ಭೂಮಿ ಉಪಾಧ್ಯಾಯನಿಗೆ, ದೀಪದ ಭೂಮಿ ದೀಪಕ್ಕೆ. ಮೂರನೆಯದು, ದಾನಿಯು ಎಷ್ಟೇ ದೊಡ್ಡವನಿದ್ದರೂ ಊರಿನ ಪ್ರತಿ ಮನೆಯ ಪಾಲೂ ಇರಬೇಕೆಂಬ ಭಾವ. ಮನೆಯಲ್ಲಿ ಶುಭಕಾರ್ಯವಾದಾಗ ಶಾಲೆಯನ್ನು ನೆನೆಯುವ ಊರಿಗೆ ಶಾಲೆಯು ಪರರದಾಗಿ ತೋರುವುದಿಲ್ಲ.

೪. ಈಚಿನ ಮಹನೀಯರು

ವಚನವಾಙ್ಮಯವನ್ನು ಓದುವವರೆಲ್ಲರೂ ಡಾಕ್ಟರ್ ಫ. ಗು. ಹಳಕಟ್ಟಿಯವರಿಗೆ ಋಣಿಗಳು. ಅವರ ಜೀವನದಲ್ಲಿ ಯೋಗಕ್ಷೇಮಗಳೆರಡರ ಪಾಠವೂ ಇದೆ. ೧೮೮೦ರಲ್ಲಿ ಧಾರವಾಡದಲ್ಲಿ ಹುಟ್ಟಿ ಅಂದಿನ ಬಿಜಾಪುರದಲ್ಲಿ ವಕೀಲರಾಗಿ ನೆಲೆಸಿದ ಅವರು ೧೯೧೦ರಲ್ಲಿ ಬಿ.ಎಲ್.ಡಿ.ಈ. ವಿದ್ಯಾಸಂಸ್ಥೆಯ ಸ್ಥಾಪನೆಗೆ ಕಾರಣರಾದರು. ೧೯೧೨ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಅವರ ಪ್ರಯತ್ನದಿಂದಲೇ ಆಯಿತು. ಶಾಲೆಯನ್ನೂ ಬ್ಯಾಂಕನ್ನೂ ಒಂದೇ ಕೈ ಒಂದೇ ಕಾಲದಲ್ಲಿ ಕಟ್ಟಿತೆಂಬುದು ಆಕಸ್ಮಿಕವಲ್ಲ. ಸಾಲದಲ್ಲಿ ಮುಳುಗಿದ ಒಕ್ಕಲಿಗನು ಮಗನನ್ನು ಶಾಲೆಗೆ ಕಳಿಸಲಾರನೆಂಬುದನ್ನು ಅವರು ಬಲ್ಲವರಾಗಿದ್ದರು.

ಅದೇ ಹಳಕಟ್ಟಿಯವರು ೧೯೨೩ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ೧೯೨೬ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಮುದ್ರಣಾಲಯಕ್ಕಾಗಿ ಅವರು ಸ್ವಂತ ಮನೆಯನ್ನು ಮಾರಿದ ಸಂಗತಿಯು ಸುಪ್ರಸಿದ್ಧ. ೧೯೬೪ರಲ್ಲಿ ದೇಹವಿಡುವವರೆಗೂ ಅವರು ಬಡತನದಲ್ಲಿಯೇ ಬಾಳಿದರು. ಇಲ್ಲಿ ಭಕ್ತಿಯಿಂದ ತಲೆಬಾಗುವುದಷ್ಟೇ ಸಾಲದು, ವಿಚಾರವನ್ನೂ ಮಾಡತಕ್ಕದ್ದು. ಹಲವರ ಹೆಗಲ ಮೇಲೆ ನಿಂತ ವಿದ್ಯಾಸಂಸ್ಥೆಯು ಬೆಳೆದು, ವೈದ್ಯಕೀಯ ಮಹಾವಿದ್ಯಾಲಯವನ್ನು ಪಡೆದು, ೨೦೦೮ರಲ್ಲಿ ವಿಶ್ವವಿದ್ಯಾಲಯದ ಮಾನ್ಯತೆಯನ್ನೂ ಗಳಿಸಿತು. ಒಬ್ಬರ ಹೆಗಲ ಮೇಲೆ ನಿಂತ ಮುದ್ರಣ ಮತ್ತು ಪತ್ರಿಕೆಯ ಕಾರ್ಯವು ಆ ಒಬ್ಬರ ಮನೆಯನ್ನೇ ಉಂಡಿತು. ಸಮಾಜವು ಇದನ್ನು ತ್ಯಾಗವೆಂದು ಹೊಗಳುತ್ತದೆ, ಹೊಗಳುವುದು ಯುಕ್ತವೇ. ಆದರೆ ಒಬ್ಬ ಮಹಾಪುರುಷನು ಮನೆಯನ್ನು ಮಾರಬೇಕಾಗಿ ಬಂದದ್ದು ಸಮಾಜದ ಲೋಪವಲ್ಲವೇ ಎಂಬ ಪ್ರಶ್ನೆಯು ಹಾಗೆಯೇ ಉಳಿಯುತ್ತದೆ.

ಬೆಳಗಾವಿಯಲ್ಲಿ ೧೯೧೬ರ ನವೆಂಬರ್ ೧೩ರಂದು ಒಂದು ಶಾಲೆಯೊಡನೆ ಹುಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯ ಮಾರ್ಗವು ಬೇರೆ. ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ ಮೊದಲಾದ ಏಳು ಮಂದಿ ಅದರ ಸ್ಥಾಪಕರು. ಜನರು ಅವರನ್ನು ಸಪ್ತರ್ಷಿಗಳೆಂದು ಕರೆದರು. ಪುಣೆಯಲ್ಲಿ ೧೮೮೪ರಲ್ಲಿ ಸ್ಥಾಪಿತವಾದ ಡೆಕ್ಕನ್ ಎಜ್ಯುಕೇಶನ್ ಸೊಸೈಟಿಯಲ್ಲಿದ್ದಂತೆ ಆಜೀವ ಸದಸ್ಯರ ಪದ್ಧತಿಯು ಇಲ್ಲಿಯೂ ನೆಲೆಗೊಂಡಿತು. ಒಬ್ಬನು ದಣಿದರೆ ಇನ್ನೊಬ್ಬನು ನೊಗಕ್ಕೆ ಹೆಗಲು ಕೊಡುವ ಕ್ರಮವಿದು. ಅವರ ಬೆನ್ನಿಗೆ ಭೂಮ್ಯಧಿಪತಿಗಳ ಔದಾರ್ಯವೂ ಬಂದಿತು. ೧೯೦೬ರಲ್ಲಿ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕೆಂದು ಮೃತ್ಯುಪತ್ರ ಬರೆದಿಟ್ಟರು. ೧೯೩೩ರಲ್ಲಿ ಆರಂಭವಾದ ಬೆಳಗಾವಿಯ ಕಾಲೇಜು ಅವರ ಹೆಸರನ್ನು ಹೊತ್ತಿದೆ. ಮೂಲವು ಉಳಿದು ಉತ್ಪನ್ನವು ವಿದ್ಯಾರ್ಥಿವೇತನವಾಗಿ ಹರಿಯುವ ವ್ಯವಸ್ಥೆಯಿಂದ ಎಷ್ಟೋ ಬಡ ಹುಡುಗರು ಪದವೀಧರರಾದರು.

ಉತ್ತರ ಕನ್ನಡ ಜಿಲ್ಲೆಯಲ್ಲಿಯೇ ಇದಕ್ಕೆ ನಿದರ್ಶನ ಬೇಕಾದವರು ಅಂಕೋಲೆಯ ಕಡೆಗೆ ನೋಡಬಹುದು. ಚುಟುಕಗಳಿಂದ ಪ್ರಸಿದ್ಧರಾದ ಡಾಕ್ಟರ್ ದಿನಕರ ದೇಸಾಯಿಯವರು ೧೯೫೩ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿದರು. ಹಿಂದುಳಿದ ಜನರ ಮಕ್ಕಳಿಗಾಗಿ ಜಿಲ್ಲೆಯಲ್ಲಿ ಶಾಲೆಗಳು ತೆರೆದವು. ೧೯೬೬ರಲ್ಲಿ ಗೋಖಲೆಯವರ ಜನ್ಮಶತಾಬ್ದಿಯ ಹೆಸರಿನ ಮಹಾವಿದ್ಯಾಲಯವು ಅಂಕೋಲೆಯಲ್ಲಿ ಆಯಿತು. ದೇಸಾಯಿಯವರು ೧೯೮೨ರಲ್ಲಿ ಕಾಲವಾದರು, ಟ್ರಸ್ಟು ಕಾಲವಾಗಲಿಲ್ಲ. ಸ್ಥಾಪಕನ ಮರಣಾನಂತರವೂ ಗಂಟೆ ಬಾರಿಸುವ ಶಾಲೆಯೇ ಸಂಸ್ಥೆಯೆಂಬ ಹೆಸರಿಗೆ ತಕ್ಕದ್ದು.

೫. ಕ್ಷೇಮದ ನಾಲ್ಕು ಅಂಗಗಳು

ಈ ನಿದರ್ಶನಗಳಿಂದ ಸಂಸ್ಥೆಯ ಕ್ಷೇಮಕ್ಕೆ ನಾಲ್ಕು ಅಂಗಗಳುಂಟೆಂದು ತಿಳಿಯುತ್ತದೆ: ನಿಧಿ, ಲೆಕ್ಕ, ಉತ್ತರಾಧಿಕಾರ, ಕೂಟ.

(ಅ) ನಿಧಿ. ಮೂಲಧನವನ್ನು ಇಟ್ಟು ಬಡ್ಡಿಯಿಂದ ನಡೆಸಿದರೆ ಸಂಸ್ಥೆಯು ಶಾಶ್ವತವೆಂದು ಹಲವರು ನಂಬಿದ್ದಾರೆ. ಈ ನಂಬಿಕೆಯನ್ನು ಲೆಕ್ಕದಿಂದ ಪರೀಕ್ಷಿಸತಕ್ಕದ್ದು. ಹತ್ತು ಲಕ್ಷ ರೂಪಾಯಿಯ ಠೇವಣಿಗೆ ವರ್ಷಕ್ಕೆ ಪ್ರತಿಶತ ೭ರಂತೆ ೭೦,೦೦೦ ರೂಪಾಯಿ ಬಡ್ಡಿ ಬಂದಿತೆನ್ನೋಣ. ಪದಾರ್ಥಗಳ ಬೆಲೆಯು ವರ್ಷಕ್ಕೆ ಪ್ರತಿಶತ ೫ರಂತೆ ಏರುತ್ತಿದ್ದರೆ ಇಂದು ೧೦೦ ರೂಪಾಯಿಗೆ ದೊರೆಯುವುದು ಹದಿನೈದು ವರ್ಷಗಳ ಮೇಲೆ ೨೦೦ ರೂಪಾಯಿಗೂ ದೊರೆಯದು. ಬಡ್ಡಿಯನ್ನೆಲ್ಲ ಉಂಡರೆ ಹತ್ತು ಲಕ್ಷವು ಕಾಗದದಲ್ಲಿ ಹತ್ತು ಲಕ್ಷವಾಗಿಯೇ ಇದ್ದು ಬೆಲೆಯಲ್ಲಿ ಅರ್ಧಕ್ಕಿಂತ ಕಡಿಮೆಯಾಗಿರುತ್ತದೆ. ಮೂಲವು ಸವೆಯಬಾರದೆಂದರೆ ೫೦,೦೦೦ವನ್ನು ಮರಳಿ ಮೂಲಕ್ಕೆ ಸೇರಿಸಿ ೨೦,೦೦೦ವನ್ನು ಮಾತ್ರ ಖರ್ಚು ಮಾಡಬೇಕು. ಅಷ್ಟರಲ್ಲಿ ಯಾವ ಶಾಲೆಯೂ ನಡೆಯದು.

ಇನ್ನೊಂದು ಲೆಕ್ಕವನ್ನು ನೋಡೋಣ. ಮುನ್ನೂರು ಮನೆಗಳು ತಿಂಗಳಿಗೆ ನೂರು ರೂಪಾಯಿಯಂತೆ ಕೊಟ್ಟರೆ ವರ್ಷಕ್ಕೆ ೩,೬೦,೦೦೦ ರೂಪಾಯಿಯಾಗುತ್ತದೆ. ಮೇಲಿನ ರೀತಿಯಲ್ಲಿ ಮೂಲಧನದಿಂದಲೇ ಇಷ್ಟನ್ನು ಪಡೆಯಬೇಕಾದರೆ ೧ ಕೋಟಿ ೮೦ ಲಕ್ಷದ ಠೇವಣಿ ಬೇಕಾದೀತು. ಮುನ್ನೂರು ಮನೆಗಳ ನೂರು ನೂರು ರೂಪಾಯಿಗೆ ಇರುವ ಬಲವು ಇದು. ಮೂವತ್ತು ಮನೆಗಳು ತಪ್ಪಿದರೂ ಹತ್ತರಲ್ಲಿ ಒಂದು ಪಾಲು ಮಾತ್ರ ಕಡಿಮೆ. ಒಬ್ಬ ದೊಡ್ಡ ದಾನಿಯು ತಪ್ಪಿದರೆ ಎಲ್ಲವೂ ಶೂನ್ಯ. ಮುಷ್ಟಿ ಅಕ್ಕಿಯನ್ನು ಮಡಕೆಯಲ್ಲಿ ದಿನವೂ ತೆಗೆದಿಡುತ್ತಿದ್ದ ಅಜ್ಜಿಯರಿಗೆ ಈ ಗಣಿತವು ತಿಳಿದಿತ್ತು. ಹಾಗೆಂದು ಮೂಲನಿಧಿಯು ಬೇಡವೆಂದಲ್ಲ. ಮಳೆಗಾಲದ ಕಷ್ಟಕ್ಕೆ, ಅಡಿಕೆಯ ಬೆಲೆ ಬಿದ್ದ ವರ್ಷಕ್ಕೆ ಅದು ಕಣಜ. ನಿತ್ಯದ ಅನ್ನಕ್ಕೆ ಮನೆಮನೆಯ ಪಾಲೇ ಆಧಾರ.

ಹೊರಗಿನ ಹಣದ ವಿಷಯವನ್ನೂ ಇಲ್ಲಿಯೇ ಹೇಳತಕ್ಕದ್ದು. ೨೦೧೩ರ ಕಂಪನಿ ಕಾಯಿದೆಯ ಪ್ರಕಾರ ನಿಗದಿಯಾದ ಮಟ್ಟವನ್ನು ಮುಟ್ಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಪ್ರತಿಶತ ೨ರಷ್ಟನ್ನು ಸಾಮಾಜಿಕ ಕಾರ್ಯಕ್ಕೆ ವಿನಿಯೋಗಿಸಬೇಕು. ಕಾಡು ತೋಟಗಳ ಈ ತಾಲೂಕುಗಳಿಗೆ ಅಂತಹ ಹಣವು ದೂರದ ನಗರಗಳಿಂದ ಬರತಕ್ಕದ್ದು. ಬಂದರೂ ಬಹುಶಃ ಒಂದು ಯೋಜನೆಗೆ, ಕೆಲವು ವರ್ಷಗಳಿಗೆ ಕಟ್ಟುಬಿದ್ದು ಬರುತ್ತದೆ. ಅದನ್ನು ಸ್ವೀಕರಿಸುವುದರಲ್ಲಿ ದೋಷವಿಲ್ಲ; ಅದರ ಮೇಲೆ ನಿತ್ಯದ ಸಂಬಳವನ್ನು ನಿಲ್ಲಿಸುವುದರಲ್ಲಿ ಅಪಾಯವಿದೆ. ಕೊಡುವವನ ಇಷ್ಟಕ್ಕಾಗಿ ತನ್ನ ಉದ್ದೇಶವನ್ನೇ ಬದಲಿಸಿಕೊಂಡ ಸಂಸ್ಥೆಯು ಹಣವನ್ನು ಪಡೆದು ತನ್ನನ್ನು ಕಳೆದುಕೊಳ್ಳುತ್ತದೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಸಂತೋಷಪಡಲಿಲ್ಲ. ಆ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಹೇಳಿದಳು. ದಾಸೋಹವು ನಿಲ್ಲುವುದು ರಾಶಿಯ ಮೇಲಲ್ಲ, ಶುದ್ಧಿಯ ಮೇಲೆ ಎಂಬ ತತ್ತ್ವವನ್ನು ಆ ಶರಣೆಯು ನಡೆದು ತೋರಿದಳು. ನುಲಿಯ ಚಂದಯ್ಯನು ಹುಲ್ಲಿನ ಹಗ್ಗವನ್ನು ಹೊಸೆದು ಮಾರಿ, ಆ ಸಂಪಾದನೆಯಿಂದಲೇ ದಾಸೋಹವನ್ನು ನಡೆಸಿದನು. ಸ್ವಂತ ದುಡಿಮೆಯ ಒಂದು ಎಳೆಯಾದರೂ ಸಂಸ್ಥೆಯಲ್ಲಿರಬೇಕೆಂಬುದು ಇದರಿಂದ ಸಿದ್ಧವಾಗುತ್ತದೆ.

(ಆ) ಲೆಕ್ಕ. ಲೆಕ್ಕವನ್ನು ಕೇಳುವುದು ಸಂಶಯವೆಂದೂ, ಲೆಕ್ಕ ಕೇಳಿಸಿಕೊಳ್ಳುವುದು ಅವಮಾನವೆಂದೂ ತಿಳಿಯುವವರುಂಟು. ಇದು ಅವಿಚಾರ. 'ದಾಸೋಹ' ಶಬ್ದವು 'ದಾಸಃ ಅಹಮ್', ನಾನು ದಾಸನು ಎಂಬುದರಿಂದ ಬಂದಿದೆ. ದಾಸನಾದವನು ಒಡೆಯನಿಗೆ ಲೆಕ್ಕ ಒಪ್ಪಿಸುವುದು ಸಹಜ. ಇಲ್ಲಿ ಒಡೆಯನು ಸಮಾಜ. ಕರ್ನಾಟಕದ ಸಂಘಗಳ ನೋಂದಣಿ ಕಾಯಿದೆಯು ೧೯೬೦ರದು. ಪ್ರತಿವರ್ಷ ಸರ್ವಸಾಧಾರಣ ಸಭೆಯನ್ನು ಕರೆದು, ಕಾರ್ಯಕಾರಿ ಸಮಿತಿಯ ಪಟ್ಟಿಯನ್ನೂ ಪರಿಶೋಧಿತ ಲೆಕ್ಕವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕೆಂದು ಅದು ವಿಧಿಸುತ್ತದೆ. ದಾನಿಗಳಿಗೆ ಆದಾಯ ತೆರಿಗೆಯ ರಿಯಾಯಿತಿ ದೊರೆಯಬೇಕಾದರೆ ಅದರ ಮಾನ್ಯತೆಯನ್ನೂ ನಿಯತಕಾಲಕ್ಕೆ ನವೀಕರಿಸಿಕೊಳ್ಳಬೇಕು. ಒಂದು ವರ್ಷದ ಕಾಗದವು ತಪ್ಪಿದರೆ ಮರುವರ್ಷ ಎರಡಾಗುತ್ತದೆ; ಐದು ವರ್ಷ ತಪ್ಪಿದರೆ ಒಳ್ಳೆಯ ಸಂಸ್ಥೆಯೂ ಕಾನೂನಿನ ಕಣ್ಣಿಗೆ ಇಲ್ಲದ್ದಾಗುತ್ತದೆ. ಕಾನೂನಿಗಾಗಿ ಮಾತ್ರವಲ್ಲ, ಊರಿಗಾಗಿಯೂ ಲೆಕ್ಕವನ್ನು ಒಂದು ಹಾಳೆಯಲ್ಲಿ, ಕನ್ನಡದಲ್ಲಿ ಬರೆದು ಶಾಲೆಯ ಬಾಗಿಲಿಗೆ ಹಚ್ಚತಕ್ಕದ್ದು. ನೂರು ರೂಪಾಯಿ ಕೊಟ್ಟ ಮನೆಯ ಗೃಹಿಣಿಯು ಅದನ್ನು ಓದಿ ತಿಳಿಯುವಂತಿರಬೇಕು.

(ಇ) ಉತ್ತರಾಧಿಕಾರ. ಆಲದ ಮರವು ಕಾಂಡವೊಂದನ್ನೇ ನಂಬುವುದಿಲ್ಲ; ಬಿಳಲುಗಳನ್ನಿಳಿಸಿ ನೆಲಕ್ಕೆ ಮುಟ್ಟಿಸುತ್ತದೆ. ಸ್ಥಾಪಕನು ಗಟ್ಟಿಯಾಗಿರುವಾಗಲೇ ಬಿಳಲು ನೆಲ ಮುಟ್ಟಬೇಕು. ಸಮಿತಿಯಲ್ಲಿ ಮೂವತ್ತರ ಒಳಗಿನವರು ಇಬ್ಬರಾದರೂ, ಹೆಣ್ಣುಮಕ್ಕಳು ಮೂವರಾದರೂ ಇರಲಿ. ಆ ಶಾಲೆಯಲ್ಲಿಯೇ ಓದಿದವರು ಇರಲಿ. ಯಾವ ಕೇರಿಯ ಮಕ್ಕಳಿಗಾಗಿ ಸಂಸ್ಥೆಯಿದೆಯೋ ಆ ಕೇರಿಯವರು ಇರಲಿ. ಸಿದ್ದಿಯ ಮಕ್ಕಳಿಗಾಗಿ ನಡೆಯುವ ವಸತಿಗೃಹದ ಸಮಿತಿಯಲ್ಲಿ ಸಿದ್ದಿಗಳಿಗೆ ಆಸನವಿಲ್ಲದಿದ್ದರೆ ಅದು ದಾನವಾದೀತು, ದಾಸೋಹವಾಗದು. ಅನುಭವ ಮಂಟಪದಲ್ಲಿ ಅಂಬಿಗನೂ ಮಾದಾರನೂ ಮಡಿವಾಳನೂ ಉಂಡು ಹೋಗಲು ಬಂದವರಲ್ಲ, ಮಾತನಾಡಲು ಬಂದವರು. ಅಧ್ಯಕ್ಷನ ಅವಧಿಗೆ ಮಿತಿಯಿರಲಿ. ಇಳಿದ ಅಧ್ಯಕ್ಷನು ಸಲಹೆಗಾರನಾಗಿ ಪಕ್ಕದಲ್ಲಿ ಕುಳಿತುಕೊಳ್ಳಲಿ. ಬೀಗದ ಕೈ ಮೂವರ ತಿಳಿವಿನಲ್ಲಿರಲಿ.

(ಈ) ಕೂಟ. ಚಿಕ್ಕ ಸಂಸ್ಥೆಯೊಂದು ಒಳ್ಳೆಯ ಲೆಕ್ಕಿಗನನ್ನು ಇಟ್ಟುಕೊಳ್ಳಲಾರದು. ಹತ್ತು ಚಿಕ್ಕ ಸಂಸ್ಥೆಗಳು ಕೂಡಿ ಒಬ್ಬನನ್ನು ಇಟ್ಟುಕೊಳ್ಳಬಲ್ಲವು. ಇದನ್ನು ಈ ಸೀಮೆಯ ಜನರಿಗೆ ಪರಸ್ಥಳದವರು ಬಂದು ಕಲಿಸಬೇಕಾಗಿಲ್ಲ. ಒಬ್ಬೊಬ್ಬನಾಗಿ ಮಾರುಕಟ್ಟೆಗೆ ಹೋಗಿ ಮಧ್ಯವರ್ತಿಗಳ ಕೈಗೆ ಸಿಕ್ಕುವುದಕ್ಕಿಂತ ಕೂಡಿ ಮಾರುವುದು ಲೇಸೆಂದು ಅಡಿಕೆಯ ಬೆಳೆಗಾರರು ೧೯೨೩ರಲ್ಲಿಯೇ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘವನ್ನು ಕಟ್ಟಿಕೊಂಡರು. ಅದಕ್ಕೂ ಮೊದಲು ೧೯೨೦ರಲ್ಲಿ ಕೆನರಾ ಜಿಲ್ಲಾ ಮಧ್ಯವರ್ತಿ ಸಹಕಾರಿ ಬ್ಯಾಂಕು ಶಿರಸಿಯಲ್ಲಿ ಆಗಿತ್ತು. ಎರಡೂ ನೂರು ವರ್ಷಗಳನ್ನು ದಾಟಿವೆ. ಅಡಿಕೆಗೆ ಸಾಧ್ಯವಾದ ಐಕ್ಯವು ಅಕ್ಷರಕ್ಕೆ ಏಕೆ ಸಾಧ್ಯವಾಗಬಾರದು?

ಮೂರು ತಾಲೂಕುಗಳ ವಿದ್ಯಾಸೇವಾ ಸಂಸ್ಥೆಗಳು ಒಂದು ಕೂಟವನ್ನು ಮಾಡಿಕೊಂಡರೆ ಒಬ್ಬ ಲೆಕ್ಕಿಗನು ತಿಂಗಳಲ್ಲಿ ಎರಡೆರಡು ದಿನ ಪ್ರತಿ ಸಂಸ್ಥೆಗ ಹೋಗಿ ಬರಬಹುದು. ಪುಸ್ತಕಗಳ ಪೆಟ್ಟಿಗೆಗಳು ಒಂದು ಶಾಲೆಯಿಂದ ಇನ್ನೊಂದಕ್ಕೆ ತಿರುಗಬಹುದು. ಅಧ್ಯಾಪಕರ ಶಿಕ್ಷಣಶಿಬಿರವು ರಜೆಯಲ್ಲಿ ಒಂದೇ ಕಡೆ ನಡೆಯಬಹುದು. ದೊಡ್ಡ ದಾನಿಗೆ ಅರ್ಜಿ ಬರೆಯುವಾಗ ಹತ್ತು ದುರ್ಬಲ ದನಿಗಳ ಬದಲು ಒಂದು ಸ್ಪಷ್ಟ ದನಿಯು ಕೇಳಿಸಬಹುದು. ಮಾಘಮಾಸದಲ್ಲಿ ಬಯಲುಸೀಮೆಯಿಂದ ಉಳವಿಯ ಚನ್ನಬಸವಣ್ಣನ ಜಾತ್ರೆಗೆ ಎತ್ತಿನ ಗಾಡಿಗಳು ಸಾಲುಗಟ್ಟಿ ಕಾಡುದಾರಿ ಹಿಡಿಯುತ್ತವೆ. ಪ್ರತಿ ಗಾಡಿಯ ಎತ್ತೂ ಬೇರೆ, ಬುತ್ತಿಯೂ ಬೇರೆ, ದಾರಿ ಒಂದೇ. ಸಾಲಿನಲ್ಲಿ ಹೋಗುವವನ ಕೀಲು ಮುರಿದರೆ ಹಿಂದಿನವನು ದಾಟಿ ಹೋಗಲಾರನು. ಕೂಟವೆಂದರೆ ಒಂದರಲ್ಲಿ ಒಂದು ಕರಗುವುದಲ್ಲ, ಹೀಗೆ ಸಾಲುಗೂಡುವುದು.

೬. ಸಹಾಯ ಮಾಡುವವರಿಗೆ

ಸಂಸ್ಥೆಗಳಿಗೆ ನೆರವಾಗಬೇಕೆಂಬ ಸದಿಚ್ಛೆಯುಳ್ಳವರು ಊರಲ್ಲಿಯೂ ಪರಊರಲ್ಲಿಯೂ ಉಂಟು. ಅವರು ಕೇಳತಕ್ಕ ಮೊದಲ ಪ್ರಶ್ನೆಯು 'ಏನು ಕಟ್ಟಿಸಿಕೊಡಲಿ?' ಎಂಬುದಲ್ಲ, 'ಕಳೆದ ವರ್ಷ ಯಾವುದಕ್ಕೆ ಹಣ ಸಾಲದೇ ಹೋಯಿತು?' ಎಂಬುದು. ಉತ್ತರವು ಬಹುಶಃ ಸುಂದರವಾಗಿರುವುದಿಲ್ಲ. ಅಡಿಗೆಯವಳ ಸಂಬಳ, ಸೋರುವ ಮಾಡಿನ ಹಂಚು, ವಿದ್ಯುತ್ತಿನ ಬಿಲ್ಲು, ಲೆಕ್ಕ ಪರಿಶೋಧಕನ ಶುಲ್ಕ ಎಂದು ಬಂದೀತು. ಇವುಗಳ ಮೇಲೆ ಹೆಸರನ್ನು ಕೆತ್ತಿಸಲಾಗುವುದಿಲ್ಲ. ಅಂತಹುದಕ್ಕೆ ಕೊಟ್ಟವನೇ ಸಾಲೋಟಗಿಯ ದೀಪದ ಎಣ್ಣೆಗೆ ಭೂಮಿ ಬಿಟ್ಟವನ ಸಮಾನನು.

ಹಣಕ್ಕಿಂತ ಮಿಗಿಲಾದ ನೆರವೂ ಉಂಟು. ನಿವೃತ್ತನಾದ ಬ್ಯಾಂಕಿನ ನೌಕರನು ಊರಿನ ಒಬ್ಬ ಹುಡುಗಿಗೆ ಲೆಕ್ಕ ಬರೆಯುವ ಕ್ರಮವನ್ನು ಕಲಿಸಿಕೊಟ್ಟರೆ ಆ ವಿದ್ಯೆಯು ಸಂಸ್ಥೆಯಲ್ಲಿ ನಿಲ್ಲುತ್ತದೆ. ವಕೀಲನು ನಿಯಮಾವಳಿಯನ್ನು ತಿದ್ದಿಕೊಡಬಹುದು. ನಗರದಲ್ಲಿರುವ ಹಳೆಯ ವಿದ್ಯಾರ್ಥಿಯು ರಜೆಯಲ್ಲಿ ಬಂದು ಒಂದು ವಾರ ಪಾಠ ಹೇಳಬಹುದು. ಆದರೆ ನೆರವು ನೀಡುವವನು ತಾನಿಲ್ಲದೆ ನಡೆಯದಂತೆ ಮಾಡಬಾರದು. ತಾನು ಹೊರಟುಹೋದರೂ ನಡೆಯುವಂತೆ ಮಾಡಬೇಕು. ಮಗುವಿಗೆ ನಡೆ ಕಲಿಸುವ ತಾಯಿಯು ಬೆರಳು ಕೊಡುವುದು ಹಿಡಿಸಿಕೊಳ್ಳುವುದಕ್ಕಾಗಿ ಅಲ್ಲ, ಬಿಡಿಸುವುದಕ್ಕಾಗಿ.

ಕಿಂಬಹುನಾ, ಕಟ್ಟಡವನ್ನು ಕಟ್ಟಿದವನು ಧನ್ಯನು. ಅದರಲ್ಲಿ ದೀಪವು ನಂದದಂತೆ ನೋಡಿಕೊಂಡವನು ಅವನಿಗಿಂತ ಧನ್ಯನು. ಹಳ್ಳದ ಆಚೆಯಿಂದ ಬರುವ ಮಗುವಿಗೆ ಸ್ಥಾಪಕನ ಹೆಸರು ತಿಳಿಯದಿದ್ದರೂ ಬಾಧಕವಿಲ್ಲ. ಸಂಜೆಯ ಹೊತ್ತು ಬಾಗಿಲು ತೆರೆದಿರಬೇಕು, ಒಳಗೆ ಬೆಳಕಿರಬೇಕು, ಮರುವರ್ಷವೂ ಹಾಗೆಯೇ ಇರಬೇಕು.

ಮನನಕ್ಕಾಗಿ ಪ್ರಶ್ನೆಗಳು

೧. ಯೋಗ, ಕ್ಷೇಮ ಎಂಬ ಶಬ್ದಗಳ ಅರ್ಥಭೇದವನ್ನು ತಮ್ಮ ಊರಿನ ಒಂದು ದೃಷ್ಟಾಂತದಿಂದ ವಿವರಿಸಿರಿ.

೨. ಸಾಲೋಟಗಿಯ ಕಟ್ಟಲೆಯಂತೆ ಮನೆಯ ಶುಭಕಾರ್ಯಗಳಲ್ಲಿ ಶಾಲೆಗೆ ಪಾಲಿಡುವ ಪದ್ಧತಿಯನ್ನು ಇಂದು ತಮ್ಮ ಊರಿನಲ್ಲಿ ಹೇಗೆ ತರಬಹುದು?

೩. ತಾವು ಬಲ್ಲ ಒಂದು ವಿದ್ಯಾಸಂಸ್ಥೆಯ ಕಳೆದ ವರ್ಷದ ಜಮಾಖರ್ಚನ್ನು ಕೇಳಿ ಓದಿರಿ. ಅದರಲ್ಲಿ ಎಣ್ಣೆಯ ಖರ್ಚು ಯಾವುದು, ಅದನ್ನು ಯಾರು ಹೊತ್ತಿದ್ದಾರೆ?

೪. ಆ ಸಂಸ್ಥೆಯ ಬೀಗದ ಕೈ ಇಂದು ಎಷ್ಟು ಜನರಲ್ಲಿದೆ?